ಕಂಡಷ್ಟೇ ಹೇಳುವುದು



ನಮ್ಮ ಸಭೆಯ ಕ್ರೈಸ್ತರ ಮನೆಗಳಲ್ಲಿ ವಾರಕ್ಕೊಂದು ಸಂಜೆ ಮನೆ ಪ್ರಾರ್ಥನೆ ನಡೆಯುತ್ತದೆ. ಚಾವಡಿಯಲ್ಲಿ ಚಾಪೆ ಹಾಸಿ ಹತ್ತು ಹದಿನೈದು ಜನ ಕೂರುತ್ತೇವೆ. ಎರಡು ಕೀರ್ತನೆ ಹಾಡಿ, ವೇದಭಾಗ ಓದಿ ಆದ ಮೇಲೆ ಹಿರಿಯರೊಬ್ಬರು, ‘ಸಾಕ್ಷಿ ಹೇಳುವವರು ಇದ್ದೀರಾ?’ ಎಂದು ಕೇಳುತ್ತಾರೆ. ದೇವರು ನನ್ನ ಬದುಕಿನಲ್ಲಿ ಏನು ಮಾಡಿದ ಎಂಬುದನ್ನು ನಾನೇ ನನ್ನ ಬಾಯಿಂದ ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ಕೋರ್ಟಿನಲ್ಲಿ ಬಳಸುವ ಅದೇ ಮಾತು. ಕಂಡವನು ಕಂಡಷ್ಟನ್ನು ಹೇಳಬೇಕು, ಕಾಣದ್ದನ್ನು ಸೇರಿಸಬಾರದು.

ನಾನು ಸೇರಿಸಿದ್ದೆ.

ನನ್ನ ಯಜಮಾನರು ತೀರಿಕೊಂಡ ಮೇಲೆ ಹಲವು ವರ್ಷ ನಾನು ಒಂದೇ ಸಾಕ್ಷಿ ಹೇಳುತ್ತಿದ್ದೆ. ಅವರನ್ನು ಮಣ್ಣು ಮಾಡಿ ಬಂದ ರಾತ್ರಿ ಮೊಣಕಾಲೂರಿ ಅತ್ತೆ, ಬೆಳಗಾಗುವಷ್ಟರಲ್ಲಿ ದೇವರು ಸಮಾಧಾನ ಕೊಟ್ಟ ಎಂದು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಡೆದದ್ದು ಬೇರೆ. ಆ ರಾತ್ರಿ ನಾನು ಪ್ರಾರ್ಥನೆ ಮಾಡಲೇ ಇಲ್ಲ. ಆಮೇಲೆಯೂ ಎರಡು ವರ್ಷ ಬೈಬಲ್ ಮುಟ್ಟಲಿಲ್ಲ. ಸಭೆಯ ನಾಲ್ಕೈದು ಹೆಂಗಸರು ಸರದಿಯ ಮೇಲೆ ಸಂಜೆ ಬರುತ್ತಿದ್ದರು. ಗಂಜಿ ಬೇಯಿಸಿಡುತ್ತಿದ್ದರು, ಒಣಗಿದ ಬಟ್ಟೆ ಮಡಚಿಡುತ್ತಿದ್ದರು, ಸ್ವಲ್ಪ ಹೊತ್ತು ಸುಮ್ಮನೆ ಕೂತು ಹೋಗುತ್ತಿದ್ದರು. ಒಬ್ಬರೂ ಒಂದು ವಚನ ಹೇಳಲಿಲ್ಲ. ಎರಡು ವರ್ಷ ಕಳೆದು ಒಂದು ಬೆಳಗ್ಗೆ ಅಕ್ಕಿ ತೊಳೆಯುತ್ತಿದ್ದಾಗ, ಚಿಕ್ಕಂದಿನಲ್ಲಿ ಕಲಿತ ಕರ್ತನ ಪ್ರಾರ್ಥನೆ ತಾನಾಗಿ ನಾಲಿಗೆಗೆ ಬಂತು. ಕೊನೆಯವರೆಗೂ ಹೇಳಿದೆ. ನನ್ನ ನಿಜವಾದ ಸಾಕ್ಷಿ ಇಷ್ಟೇ. ಇದು ತೀರ ಸಣ್ಣದಾಯಿತು, ದೇವರ ಮಹಿಮೆ ಇನ್ನೂ ದೊಡ್ಡದಾಗಿ ಕಾಣಲಿ ಎಂದುಕೊಂಡು ಎರಡು ವರ್ಷವನ್ನು ಒಂದು ರಾತ್ರಿ ಮಾಡಿದ್ದೆ.

ಒಂದು ಸಲ ಪ್ರಾರ್ಥನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬಳು ಹುಡುಗಿ ನನ್ನ ಹತ್ತಿರ ಬಂದು ನಿಂತಳು. ಹೆತ್ತ ಮಗುವನ್ನು ಕಳೆದುಕೊಂಡವಳು. ‘ಆಂಟಿ, ನಿಮಗೆ ಒಂದೇ ರಾತ್ರಿಯಲ್ಲಿ ಸಮಾಧಾನ ಸಿಕ್ಕಿತು. ನನಗೆ ವರ್ಷವಾದರೂ ಸಿಗಲಿಲ್ಲ. ನನ್ನ ನಂಬಿಕೆಯಲ್ಲೇ ಏನಾದರೂ ಕೊರತೆ ಇದೆಯಾ?’ ಎಂದು ಕೇಳಿದಳು. ನನ್ನ ಬಾಯಿ ಕಟ್ಟಿಹೋಯಿತು. ಮಾರನೆಯ ದಿನ ಅವಳ ಮನೆಗೆ ಹೋಗಿ ನಿಜ ಹೇಳಿದೆ. ಅವಳು ಕ್ಷಮಿಸಿದಳು. ನನಗೆ ಮಾತ್ರ ಆ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ.

ಆ ವರ್ಷದ ಮಳೆಗಾಲದಲ್ಲೇ ನಾನು ಪಂಡಿತಾ ರಮಾಬಾಯಿ 1907ರಲ್ಲಿ ಬರೆದ ಒಂದು ಚಿಕ್ಕ ಪುಸ್ತಕ ಓದಿದ್ದು. ಅದರ ಹೆಸರೇ ‘ಎ ಟೆಸ್ಟಿಮನಿ’, ಅಂದರೆ ಒಂದು ಸಾಕ್ಷಿ. ರಮಾಬಾಯಿ ಹುಟ್ಟಿದ್ದು ನಮ್ಮದೇ ಘಟ್ಟದಲ್ಲಿ, 1858ರಲ್ಲಿ, ತುಂಗೆ ಭದ್ರೆ ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿ ಊರ ಪಂಡಿತರ ವಿರೋಧ ಕಟ್ಟಿಕೊಂಡವರು. ಆ ತಾಯಿಯೇ ಮಗಳಿಗೂ ಕಲಿಸಿದಳು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ಮುಟ್ಟಿದರು.

ಅಲ್ಲಿನ ಎರಡು ಸಂಗತಿಗಳನ್ನು ರಮಾಬಾಯಿ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಕ್ರೈಸ್ತರ ಕೂಟವೊಂದಕ್ಕೆ ಅವರನ್ನು ಕರೆದಿದ್ದರಂತೆ. ಜನ ಕುರ್ಚಿಗಳ ಮುಂದೆ ಮೊಣಕಾಲೂರಿ ಪ್ರಾರ್ಥನೆ ಮಾಡುವುದನ್ನು ಕಂಡು, ಇವರು ಕುರ್ಚಿಗೇ ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡರಂತೆ. ಯಾರೋ ಒಂದು ಸಂಸ್ಕೃತ ಬೈಬಲ್ ಕೈಗಿತ್ತರು. ಭಾಗವತ ಬಾಯಿಪಾಠ ಬಂದವರಿಗೆ ಆ ಸಂಸ್ಕೃತ ರುಚಿಸಲಿಲ್ಲ. ಓದುವುದು ಕಾಲಹರಣ ಎನ್ನಿಸಿತು. ಆದರೆ ಆ ಪುಸ್ತಕವನ್ನು ಎಸೆಯಲೂ ಇಲ್ಲ, ಜೊತೆಯಲ್ಲೇ ಇಟ್ಟುಕೊಂಡರು.

ಮದುವೆಯಾಗಿ ಎರಡೇ ವರ್ಷಕ್ಕೆ, 1882ರಲ್ಲಿ, ಗಂಡ ತೀರಿಹೋದರು. ಮರುವರ್ಷ ಪುಟ್ಟ ಮಗಳನ್ನು ಎತ್ತಿಕೊಂಡು ಇಂಗ್ಲೆಂಡಿಗೆ ಹೋದ ರಮಾಬಾಯಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಆ ಸಿಸ್ಟರುಗಳು ಅವರನ್ನು ಲಂಡನ್ನಿನ ಫುಲ್‌ಹಮ್‌ನಲ್ಲಿದ್ದ ತಮ್ಮ ಇನ್ನೊಂದು ಮನೆಗೆ ಕಳಿಸಿದರು. ಸಮಾಜ ‘ಕೆಟ್ಟವಳು’ ಎಂದು ತಳ್ಳಿಬಿಟ್ಟ ಹೆಂಗಸರಿಗೆ ಆಶ್ರಯ ಕೊಡುತ್ತಿದ್ದ ಮನೆ ಅದು. ಅಲ್ಲಿ ಬದುಕನ್ನು ಮರಳಿ ಪಡೆದ ಕೆಲವರು ಈಗ ತಾವೇ ರೋಗಿಗಳ ಸೇವೆಗೆ ನಿಂತಿದ್ದರು. ರಮಾಬಾಯಿ ಇದನ್ನು ಕಣ್ಣಾರೆ ನೋಡಿದರು. ತಾನು ತಿಳಿದ ಶಾಸ್ತ್ರಗಳಲ್ಲಿ ಇಂಥವರಿಗೆ ಕರುಣೆ ಕಂಡಿರಲಿಲ್ಲ ಎಂದು ಅವರು ಬರೆದುಕೊಂಡಿದ್ದಾರೆ. ನೋಡಿದ ಮೇಲೆ ಒಬ್ಬ ಸಿಸ್ಟರನ್ನು ಕೇಳಿದರು: ನೀವು ಇದನ್ನೆಲ್ಲ ಯಾಕೆ ಮಾಡುತ್ತೀರಿ?

ನಾನು ಪುಸ್ತಕ ಮಡಚಿಟ್ಟು ಬಹಳ ಹೊತ್ತು ಕೂತದ್ದು ಇಲ್ಲಿ. ಕಲ್ಕತ್ತಾದಲ್ಲಿ ಕೇಳದೆ ಕೊಟ್ಟ ಪುಸ್ತಕ ಮುಚ್ಚಿಕೊಂಡೇ ಉಳಿಯಿತು. ಫುಲ್‌ಹಮ್‌ನಲ್ಲಿ ಮೊದಲು ಕೆಲಸ ಕಂಡಿತು, ಆಮೇಲೆ ಪ್ರಶ್ನೆ ಹುಟ್ಟಿತು, ಮಾತು ಬಂದದ್ದು ಅದರ ನಂತರ.

ಸಿಸ್ಟರ್ ಉತ್ತರವಾಗಿ ವಾದ ಮಾಡಲಿಲ್ಲ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ತೆಗೆದು ಸಮಾರ್ಯದ ಹೆಂಗಸಿನ ಕಥೆ ಓದಿದರು. ನಡುಮಧ್ಯಾಹ್ನ ಒಬ್ಬಳೇ ಬಾವಿಗೆ ಬಂದವಳು. ಐದು ಸಲ ಮದುವೆಯಾಗಿ, ಈಗ ಮದುವೆಯಿಲ್ಲದೆ ಒಬ್ಬನ ಜೊತೆ ಇದ್ದವಳು. ಅವಳ ಹತ್ತಿರ ಯೇಸು ಮೊದಲು ಕೇಳಿದ್ದು ಕುಡಿಯಲು ನೀರು. ಮಾತು ಬೆಳೆಯಿತು. ಅವಳು ತಂದ ಕೊಡವನ್ನು ಬಾವಿಕಟ್ಟೆಯ ಹತ್ತಿರವೇ ಬಿಟ್ಟು ಊರಿಗೆ ಹೋದಳು. ನಾನು ಮಾಡಿದ್ದೆಲ್ಲವನ್ನೂ ನನಗೆ ಹೇಳಿದ ಒಬ್ಬರು ಅಲ್ಲಿದ್ದಾರೆ, ಬಂದು ನೋಡಿ ಎಂದಳು. ಆಮೇಲೆ ಅವಳು ಇಟ್ಟದ್ದು ತೀರ್ಪಲ್ಲ, ಪ್ರಶ್ನೆ: ಇವರೇ ಆ ಕ್ರಿಸ್ತ ಇರಬಹುದೇ? ತನಗೆ ಇನ್ನೂ ಪೂರ್ತಿ ತಿಳಿಯದ್ದನ್ನು ತಿಳಿದಂತೆ ಆಡಲಿಲ್ಲ. ಊರವರು ಹೋಗಿ ತಾವೇ ನೋಡಿದರು, ತಾವೇ ಕೇಳಿದರು.

1883ರ ಸೆಪ್ಟೆಂಬರಿನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ಎಷ್ಟು ಚೆಂದದ ಸಾಕ್ಷಿಯಾಗುತ್ತಿತ್ತು! ಅವರು ನಿಲ್ಲಿಸಲಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷವಾದ ಮೇಲೆ, ತನಗೆ ಕ್ರೈಸ್ತ ಧರ್ಮವೇನೋ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬುದು ಗೊತ್ತಾಯಿತು ಎಂದು ಬರೆದರು. ಅಷ್ಟು ಹೊತ್ತಿಗೆ ಅವರ ಹೆಸರು ದೇಶವಿದೇಶಗಳಲ್ಲಿ ಹಬ್ಬಿತ್ತು. ಹಾಗಿದ್ದೂ ಆ ಎಂಟು ವರ್ಷಗಳನ್ನು ಎಂಟಾಗಿಯೇ ಇಟ್ಟರು. ನನ್ನ ಒಂದು ರಾತ್ರಿಯ ಕಥೆ ನೆನಪಾಗಿ ಮುಖ ಎತ್ತಲಾಗಲಿಲ್ಲ.

1889ರಲ್ಲಿ ಅವರು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮುಂದೆ ಅದು ಪುಣೆಗೆ ಬಂತು. ಅಲ್ಲಿ ಯಾರಿಗೂ ಮತಬೋಧನೆ ಮಾಡುವುದಿಲ್ಲ, ಎಲ್ಲರೂ ತಮ್ಮ ತಮ್ಮ ಆಚಾರದಲ್ಲಿರಬಹುದು ಎಂಬುದು ಒಪ್ಪಂದ. ರಮಾಬಾಯಿ ಮಗಳೊಂದಿಗೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. 1893ರಲ್ಲಿ ದೊಡ್ಡ ಗಲಾಟೆಯಾಯಿತು. ಸಮಾಜ ಸುಧಾರಕರಾದ ರಾನಡೆ, ಭಂಡಾರ್ಕರ್ ಅಂಥವರು ಸದನದ ಸಲಹಾ ಸಮಿತಿ ಬಿಟ್ಟರು, ಎಷ್ಟೋ ಮನೆಯವರು ಮಕ್ಕಳನ್ನು ಕರೆದುಕೊಂಡು ಹೋದರು. ನಂಬಿ ಮಗಳನ್ನು ಕಳಿಸಿದ ಆ ತಂದೆತಾಯಿಯರ ಅಳುಕು ನನಗೆ ಅರ್ಥವಾಗುತ್ತದೆ. ಅನ್ನ ಕೊಡುವವರ ನಂಬಿಕೆ ಅನ್ನ ತಿನ್ನುವವರ ಮೇಲೆ ಭಾರವಾಗಿ ಕೂರಬಹುದು. ಈ ಭಯವನ್ನು ಸಾಕ್ಷಿ ಹೇಳುವ ನಾವು ಎಂದೂ ಹಗುರ ಮಾಡಬಾರದು. ಹಾಗೆಯೇ, ತನ್ನ ಕೋಣೆಯಲ್ಲಿ ತನ್ನ ದೇವರ ಮುಂದೆ ಕೂತ ತಾಯಿಗೆ ಬಾಗಿಲು ಮುಚ್ಚಿಕೋ ಎನ್ನಲೂ ನನಗೆ ಮನಸ್ಸು ಬರುವುದಿಲ್ಲ. ಈ ಎರಡರ ನಡುವೆ ನಾನು ಇನ್ನೂ ನಿಂತೇ ಇದ್ದೇನೆ.

ಪುಣೆ ಕಡೆಯ ಕೇಡಗಾಂವದಲ್ಲಿ ತೆರೆದ ಮುಕ್ತಿ ಸದನದಲ್ಲಿ ಮುಂದೆ ರಮಾಬಾಯಿ ಬರಗಾಲದ ನೂರಾರು ಹೆಣ್ಣುಮಕ್ಕಳನ್ನು ಸಾಕಿದರು. ಫುಲ್‌ಹಮ್‌ನಲ್ಲಿ ಕಂಡಂಥದ್ದೇ ಒಂದು ಮನೆಯನ್ನೂ ಕಟ್ಟಿದರು. ಅದಕ್ಕೆ ಕೃಪಾ ಸದನ ಎಂದು ಹೆಸರು.

ನಮ್ಮ ಪಕ್ಕದ ಮನೆಯ ಅಕ್ಕ ಕ್ರೈಸ್ತರಲ್ಲ. ಅವರ ಗಂಡ ಹೋದ ಮೇಲೆ ನಾನು ದಿನಾ ಸಂಜೆ ಹೋಗಿ ಕೂರುತ್ತಿದ್ದೆ, ಮಲ್ಲಿಗೆ ಕಟ್ಟಲು ಕೈ ಜೋಡಿಸುತ್ತಿದ್ದೆ. ದೇವರ ಮಾತು ನಾನಾಗಿ ಎತ್ತಲಿಲ್ಲ. ಕಳೆದ ತಿಂಗಳು ಬಾಳೆನಾರು ಸೀಳುತ್ತಾ ಅವರೇ ಕೇಳಿದರು. ‘ಟೀಚರೇ, ನಿಮ್ಮ ಯಜಮಾನರು ಹೋದಾಗ ನೀವು ಹೇಗೆ ತಡಕೊಂಡಿರಿ?’

ಹೇಳಿದೆ. ಪ್ರಾರ್ಥನೆ ಮಾಡದ ರಾತ್ರಿ, ಮುಟ್ಟದ ಬೈಬಲ್, ಗಂಜಿ ಬೇಯಿಸಿದ ಹೆಂಗಸರು, ಅಕ್ಕಿ ತೊಳೆದ ಬೆಳಗ್ಗೆ, ಬಾಯಿಗೆ ಬಂದ ಯೇಸುಸ್ವಾಮಿಯ ಪ್ರಾರ್ಥನೆ. ಎರಡು ವರ್ಷ ಹಿಡಿಯಿತು ಅಕ್ಕಾ ಎಂದೆ.

‘ಎರಡು ವರ್ಷವಾ?’ ಎಂದರು. ಬೆರಳಲ್ಲಿ ಏನೋ ಲೆಕ್ಕ ಹಾಕಿದರು. ‘ನನಗೆ ಈಗ ಏಳು ತಿಂಗಳು.’

ಹೂ ಕಟ್ಟಿ ಮುಗಿಯಿತು. ನಾನು ಏಳುವಾಗ ಗೇಟಿನವರೆಗೆ ಬಂದು, ‘ಆ ಪ್ರಾರ್ಥನೆ ಒಮ್ಮೆ ನನಗೂ ಹೇಳಿ ಟೀಚರೇ, ನಾಳೆ ಬಂದಾಗ’ ಎಂದರು.