ಕೋಲು ಇರಲಿ, ಹಾಳೆ ಬೇಡ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಮಹಿಳಾ ಗೋಷ್ಠಿಯಲ್ಲಿ, ಮಹಿಳಾ ಸದಸ್ಯರ ಪರವಾಗಿ ಮಾಡಿದ ಭಾಷಣ)



ಇಷ್ಟು ದೊಡ್ಡ ಸಮಾರಂಭದಲ್ಲಿ ನೆಲ ಒರೆಸೋ ವಿಷಯ ಮಾತಾಡ್ತೀರಾ ಅಂತ ನಮ್ಮಲ್ಲೇ ಕೆಲವರು ನಕ್ಕರು. ಹಾಲಿನ ದರ, ಪಶು ಆಹಾರ, ರಾಸುಗಳ ವಿಮೆ, ಬೋನಸ್ಸು, ಇವನ್ನೆಲ್ಲ ಹಿರಿಯರು ಮಾತಾಡುತ್ತಾರೆ, ಮಾತಾಡಲಿ. ಆದರೆ ಸಂಘದ ಮಳಿಗೆಯಲ್ಲಿ ನೆಲ ಒರೆಸುವ ಹೊಸ ಸಾಮಾನು ತಂದಿಡಬೇಕು, ಸಂಘದ ಕಟ್ಟಡಕ್ಕೂ ಅದನ್ನೇ ಬಳಸಬೇಕು ಎಂಬ ಸಲಹೆ ಆಡಳಿತ ಮಂಡಳಿಯ ಮುಂದೆ ಇದೆ ಎಂದು ಕೇಳಿದ್ದೇವೆ. ಆ ಸಾಮಾನನ್ನು ಕೈಯಲ್ಲಿ ಹಿಡಿಯುವವರು ನಾವು. ಅದಕ್ಕೆ ದುಡ್ಡು ಕೊಡುವುದೂ ನಾವು ಹಾಕಿದ ಹಾಲಿನಿಂದಲೇ. ಆದ್ದರಿಂದ ತೀರ್ಮಾನಕ್ಕೆ ಮುಂಚೆ ನಮ್ಮ ನಾಲ್ಕು ಮಾತು ಕೇಳಬೇಕು.

ಆ ಸಾಮಾನು ಏನಪ್ಪಾ ಅಂದರೆ, ಒಂದು ಉದ್ದನೆಯ ಕೋಲು, ಅದರ ತುದಿಗೆ ಅಗಲವಾದ ಹಲಗೆ, ಹಲಗೆಗೆ ಸಿಕ್ಕಿಸುವ ಒಂದು ಮೆತ್ತನೆಯ ಹಾಳೆ. ಒರೆಸಿದ ಮೇಲೆ ಹಾಳೆಯನ್ನು ಕಿತ್ತು ಎಸೆಯಬೇಕು. ನಾಳೆಗೆ ಇನ್ನೊಂದು ಹಾಳೆ. 1999ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಸ್ವಿಫರ್ ಎಂಬ ಹೆಸರಿನಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ಬಿಟ್ಟರು. ಕೋಲನ್ನು ಒಂದು ಸಲ ಕೊಂಡರೆ ಹಾಳೆಯನ್ನು ಜೀವನಪೂರ್ತಿ ಕೊಳ್ಳುತ್ತಲೇ ಇರಬೇಕು. ವ್ಯಾಪಾರದ ಗುಟ್ಟು ಇರೋದೇ ಅಲ್ಲಿ. ಆ ದೇಶದಲ್ಲೇ ಲೆಕ್ಕ ನೋಡಿ ಸಂಸಾರ ಮಾಡುವ ಹೆಂಗಸರು ಏನು ಮಾಡಿದರು ಗೊತ್ತೆ? ಕೋಲನ್ನು ಇಟ್ಟುಕೊಂಡರು, ಹಾಳೆಯನ್ನು ಬಿಟ್ಟರು. ಹತ್ತಿಯ ದಾರದಲ್ಲಿ ಗವುಸು ಹೆಣೆದರು, ಹಳೇ ಕಾಲುಚೀಲ, ಹಳೇ ಟವೆಲ್ಲು ಸಿಕ್ಕಿಸಿದರು, ಒಗೆದು ಮತ್ತೆ ಬಳಸಿದರು. ನಾವು ಹೇಳಲು ಬಂದಿರುವುದೂ ಇಷ್ಟೇ.

ಕೋಲು ಏಕೆ ಬೇಕು ಅನ್ನುವುದನ್ನು ಮೊದಲು ಹೇಳುತ್ತೇವೆ. ಮಿತವ್ಯಯ ಅಂದ ಕೂಡಲೇ ನಮ್ಮ ಗಂಡಸರು, ‘ಒಂದು ಹಳೇ ಬಟ್ಟೆ, ಒಂದು ಬಕೀಟು ನೀರು ಸಾಲದಾ, ನಮ್ಮವ್ವ ಹಂಗೇ ಮಾಡ್ತಿದ್ಲು’ ಅಂತಾರೆ. ನಿಜ, ಮಾಡುತ್ತಿದ್ದರು. ಆ ಅವ್ವಂದಿರು ಈಗ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡು ಹತ್ತುವುದನ್ನೂ ತಾವು ನೋಡಿದ್ದೀರಿ. ಹೊಲದಲ್ಲಿ ಕಳೆ ತೆಗೆಯೋದು ಬಗ್ಗಿ, ಕೊಟ್ಟಿಗೆಯಲ್ಲಿ ಸಗಣಿ ಬಾಚೋದು ಬಗ್ಗಿ, ಹಾಲು ಕರೆಯೋದು ಕುಕ್ಕರಗಾಲಲ್ಲಿ. ಮನೆಗೆ ಬಂದ ಮೇಲೂ ಕುಕ್ಕರಗಾಲಲ್ಲೇ ನೆಲ ಒರೆಸಬೇಕೆ? ಮನೆಯ ಉಳಿತಾಯವೆಲ್ಲ ಹೆಂಗಸರ ಸೊಂಟದಿಂದಲೇ ಆಗುವುದಾದರೆ ಅದನ್ನು ಉಳಿತಾಯ ಅನ್ನಲು ನಾವು ತಯಾರಿಲ್ಲ.

ಇನ್ನು ಹಾಳೆ. ದಿನಕ್ಕೆ ಒಂದು ಅಂದರೆ ಮನೆಗೆ ವರ್ಷಕ್ಕೆ 365. ನೂರು ಮನೆಯವರು ಬಳಸಿದರೆ 36,500. ಇಂಥ ಹಾಳೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಎಳೆಗಳಿಂದ ಮಾಡಿದವು. ಮುಟ್ಟಿದರೆ ಬಟ್ಟೆ ಥರ ಇರುತ್ತವೆ, ಆದರೆ ಪ್ಲಾಸ್ಟಿಕ್ಕು. ತಿಪ್ಪೆಗೆ ಹಾಕಿದರೆ ಕೊಳೆಯೋದಿಲ್ಲ. ಹಿತ್ತಲಲ್ಲಿ ಸುಟ್ಟರೆ ಕೆಟ್ಟ ಹೊಗೆ. ಸರ್ಕಾರದವರು 2022ರ ಜುಲೈ 1ರಿಂದ ಒಂದೇ ಸಲ ಬಳಸುವ ಎಷ್ಟೋ ಪ್ಲಾಸ್ಟಿಕ್ ಸಾಮಾನುಗಳನ್ನು ನಿಷೇಧಿಸಿದ್ದಾರೆ. ಲೋಟ, ತಟ್ಟೆ, ಚಮಚ, ಸ್ಟ್ರಾ ಎಲ್ಲ ಆ ಪಟ್ಟಿಯಲ್ಲಿವೆ, ಆದರೆ ನೆಲ ಒರೆಸುವ ಹಾಳೆ ಇಲ್ಲ. ಇನ್ನೊಂದು ಮಾತನ್ನು ಹಾಲಿನ ಸಂಘದಲ್ಲಿ ಹೇಳಲೇಬೇಕು. ಚೆಲ್ಲಿದ ಹಾಲು, ಗಂಜಿ, ಸಾರು ಒರೆಸಿದ ಹಾಳೆಗೆ ಊಟದ ವಾಸನೆ ಇರುತ್ತೆ. ತಿಪ್ಪೆ ಮೇಲೆ ಬಾಯಾಡಿಸುವ ಹಸು ಅದನ್ನು ಬಿಡುವುದಿಲ್ಲ. ಹೊಟ್ಟೆಗೆ ಹೋದ ಪ್ಲಾಸ್ಟಿಕ್ಕು ಕರಗುವುದೂ ಇಲ್ಲ, ಈಚೆಗೆ ಬರುವುದೂ ಇಲ್ಲ, ಮೊದಲ ಹೊಟ್ಟೆಯಲ್ಲೇ ಉಂಡೆ ಕಟ್ಟಿಕೊಳ್ಳುತ್ತೆ. ಮೇವು ಬಿಟ್ಟ ಹಸು ಹಾಲು ಕೊಡುತ್ತಾ? ಒಂದು ರಾಸಿನ ಬೆಲೆ ಎಷ್ಟು, ಅದಕ್ಕೆ ಬ್ಯಾಂಕಿನ ಸಾಲ ಎಷ್ಟು ಕಂತು ಉಳಿದಿದೆ ಅಂತ ನಾವು ತಮಗೆ ಹೇಳಬೇಕಾಗಿಲ್ಲ.

ಹಾಗಾದರೆ ಹಾಳೆಯ ಬದಲು ಏನು? ಹಲಗೆಯ ಅಳತೆಗೆ ದಿಂಬಿನ ಗವುಸಿನ ಹಾಗೆ ಒಂದು ಗವುಸು ಹೊಲಿಯಿರಿ, ಬಾಯಿಗೆ ಲಾಡಿ ಹಾಕಿ. ಹಳೇ ಹತ್ತಿ ಸೀರೆ, ಪಂಚೆ, ಬನೀನು, ಟವೆಲ್ಲು ಯಾವುದಾದರೂ ಆಗಬಹುದು. ನೈಲಾನು, ಪಾಲಿಯೆಸ್ಟರ್ ಸೀರೆ ಮಾತ್ರ ಬೇಡ, ಅದು ನೀರು ಹೀರುವುದಿಲ್ಲ, ಕೊಳೆಯನ್ನು ಈ ಮೂಲೆಯಿಂದ ಆ ಮೂಲೆಗೆ ತಳ್ಳುತ್ತೆ ಅಷ್ಟೇ. ಮನೆಗೆ ಮೂರು ಗವುಸು ಇದ್ದರೆ ಸಾಕು. ಕಕ್ಕಸಿನದ್ದು ಬೇರೆ ಇರಲಿ, ಗುರುತಿಗೆ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿ. ಮೂಲೆ, ಕಿಟಕಿ ಒರೆಸಲು ಬಿಡಿ ಬಟ್ಟೆ ಬಳಸುವವರು ಅದನ್ನು ಎರಡು ಸಲ ಮಡಿಸಿಕೊಳ್ಳಿ. ಒಂದೊಂದೇ ಮಗ್ಗುಲು ತಿರುವುತ್ತಾ ಹೋದರೆ ಎಂಟು ಶುದ್ಧವಾದ ಮುಖ ಸಿಗುತ್ತವೆ. ಎಂಟೂ ಕೊಳೆಯಾದ ಮೇಲೆ ಬಕೀಟಿಗೆ ಅದ್ದಿದರಾಯಿತು, ನೀರೂ ಉಳಿಯುತ್ತೆ. ಒರೆಸಿದ ಬಟ್ಟೆಯನ್ನು ಒದ್ದೆಯಾಗಿ ಮೂಲೆಗೆ ಎಸೆಯಬೇಡಿ. ಒಗೆದು, ಹಿಂಡಿ, ಬಿಸಿಲಿಗೆ ಹರವಬೇಕು. ಒದ್ದೆ ಬಟ್ಟೆಯಲ್ಲಿ ರಾತ್ರಿಯೆಲ್ಲಾ ಬೆಳೆದ ಕ್ರಿಮಿಯನ್ನು ಬೆಳಿಗ್ಗೆ ನಾವೇ ಮನೆಗೆಲ್ಲ ಹಚ್ಚಿದ ಹಾಗಾಗುತ್ತೆ. ಬಾಗಿಲಿಗೆ ಮಡಿಸಿದ ಗೋಣಿತಾಟು ಹಾಕಿದರೆ ಅರ್ಧ ಧೂಳು ಅಲ್ಲೇ ನಿಲ್ಲುತ್ತೆ.

ಬಕೀಟಿಗೆ ಹಾಕುವುದೇನು ಎಂಬುದು ಇನ್ನೊಂದು ಪ್ರಶ್ನೆ. ದಿನದ ಧೂಳಿಗೆ ಬರೀ ನೀರು ಸಾಕು, ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಜಿಡ್ಡು ಇದ್ದರೆ ಹತ್ತು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡ. ಕೈ ಒಣಗುತ್ತೆ, ರಬ್ಬರ್ ಗ್ಲೌಸು ಹಾಕಿಕೊಳ್ಳಿ. ಅಂಟುವಾಳ ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿದ ನೀರೂ ಒಳ್ಳೆಯದೇ, ಆದರೆ ಎರಡು ಮೂರು ದಿನದಲ್ಲಿ ಹಳಸುತ್ತೆ, ಮತ್ತೆ ಅದು ಕೊಳೆ ತೆಗೆಯುತ್ತೆಯೇ ಹೊರತು ಕ್ರಿಮಿ ಕೊಲ್ಲುವುದಿಲ್ಲ.

ಈಗ ಎಲ್ಲರ ಬಾಯಲ್ಲೂ ನಿಂಬೆಹಣ್ಣು, ವಿನೆಗರ್. ಟೈಲ್ಸಿಗೆ ಆಗಬಹುದು. ನಮ್ಮಲ್ಲಿ ಬಹಳ ಮನೆಗಳಿಗೆ ಹಾಕಿರುವುದು ಶಹಾಬಾದ್ ಕಲ್ಲು, ಕಡಪ ಕಲ್ಲು ಅಥವಾ ರೆಡ್ ಆಕ್ಸೈಡಿನ ಗಾರೆ. ಶಹಾಬಾದ್, ಕಡಪ ಎರಡೂ ಸುಣ್ಣದ ಕಲ್ಲು. ಹುಳಿ ಬಿದ್ದರೆ ಕಲ್ಲು ತಿನ್ನುತ್ತೆ, ಹೊಳಪು ಹೋಗುತ್ತೆ. ಸಿಮೆಂಟಿನ ಗಾರೆಗೂ ಅದೇ ಗತಿ. ವಿನೆಗರಿಗೆ ಅಡುಗೆ ಸೋಡ ಬೆರೆಸಿ ಬುಸ್ಸನೆ ನೊರೆ ಬರಿಸುವವರೂ ಇದ್ದಾರೆ. ನೊರೆ ನೋಡೋಕೆ ಚೆನ್ನ. ಹುಳಿ, ಸೋಡ ಎರಡೂ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಉಪ್ಪುನೀರಿನಂಥ ನೀರು. ಅಜ್ಜಿ ಕಾಲದ್ದೆಲ್ಲ ಚಿನ್ನ ಅಂತಲೂ ನಾವು ಹೇಳುವುದಿಲ್ಲ. ಸಗಣಿ ಸಾರಿಸೋದು ಮಣ್ಣಿನ ನೆಲಕ್ಕೆ ಸರಿ, ಧೂಳು ಕೂರುತ್ತೆ. ಟೈಲ್ಸಿನ ಮೇಲೆ ಅದಕ್ಕೆ ಕೆಲಸವಿಲ್ಲ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಹುಷಾರು. ಬ್ಲೀಚಿಂಗ್ ಪೌಡರನ್ನೂ ಕಕ್ಕಸು ತೊಳೆಯುವ ಆಸಿಡ್ಡನ್ನೂ ಯಾವತ್ತೂ ಕೂಡಿಸಬಾರದು. ಕ್ಲೋರಿನ್ ಅನಿಲ ಏಳುತ್ತೆ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಅದನ್ನು ಉಸಿರಾಡಿದರೆ ಪ್ರಾಣಕ್ಕೇ ಅಪಾಯ.

ಇನ್ನು ನಮ್ಮ ಸಂಘದ ಈ ಕಟ್ಟಡದ ನೆಲ. ಹಾಲು ಅಳೆಯುವ ಕೋಣೆಯಲ್ಲಿ ಫಿನಾಯಿಲ್ ಬೇಡವೇ ಬೇಡ. ಹಾಲು ಪಕ್ಕದ ವಾಸನೆಯನ್ನು ಬೇಗ ಹಿಡಿಯುತ್ತೆ, ಕ್ಯಾನಿನಲ್ಲಿ ಫಿನಾಯಿಲ್ ವಾಸನೆ ಬಂದರೆ ಮುಂದೆ ಹಾಲು ವಾಪಸು ಬಂದಾಗ ಯಾರನ್ನು ಕೇಳೋದು? ಚೆಲ್ಲಿದ ಹಾಲಿಗೆ ಮೊದಲೇ ಕುದಿಯುವ ನೀರು ಹುಯ್ಯುವ ಅಭ್ಯಾಸವೂ ತಪ್ಪಬೇಕು. ಬಿಸಿಗೆ ಹಾಲಿನ ಪ್ರೋಟೀನು ಬೆಂದು ನೆಲಕ್ಕೇ ಅಂಟುತ್ತೆ. ಮೊದಲು ತಣ್ಣೀರು, ಆಮೇಲೆ ಜಿಡ್ಡಿಗೆ ಸೋಡ ಹಾಕಿದ ಬಿಸಿನೀರು, ಉಜ್ಜಿ ತೊಳೆದ ಮೇಲೆ ಕೊನೆಗೆ ಬ್ಲೀಚಿಂಗ್ ಪೌಡರಿನ ತಿಳಿನೀರು. ಕೊಳೆ ಇದ್ದ ಹಾಗೇ ಮೇಲೆ ಪೌಡರ್ ಎರಚಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಮುಗಿದು ಹೋಗುತ್ತೆ. ಪೌಡರಿನ ಡಬ್ಬದ ಮುಚ್ಚಳ ಬಿಗಿಯಾಗಿರಲಿ, ಗಾಳಿ ತೇವ ತಗುಲಿದರೆ ಅದು ಸತ್ತ ಪುಡಿ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನಮ್ಮ ಕೋರಿಕೆ ಹೀಗಿದೆ. ಮಳಿಗೆಗೆ ಕೋಲು ತರಿಸಿ, ಹಾಳೆಯ ಪೊಟ್ಟಣ ತರಿಸಬೇಡಿ. ಗವುಸು ಹೊಲಿಯುವ ಕೆಲಸವನ್ನು ಹೊಲಿಗೆ ಮಿಷನ್ನು ಇಟ್ಟುಕೊಂಡಿರುವ ನಮ್ಮ ಸದಸ್ಯೆಯರಿಗೇ ಕೊಡಿ, ಹಳೇ ಬಟ್ಟೆ ನಾವು ತಂದುಕೊಡುತ್ತೇವೆ. ವಾಷಿಂಗ್ ಸೋಡವನ್ನು ಮೂಟೆ ಲೆಕ್ಕದಲ್ಲಿ ತರಿಸಿ ಬಿಡಿಯಾಗಿ ತೂಗಿ ಮಾರಿ. ಸಂಘದ ಕಟ್ಟಡ ತೊಳೆಯುವ ಹೆಣ್ಣುಮಗಳಿಗೆ ರಬ್ಬರ್ ಗ್ಲೌಸು, ಬೂಟು ಸಂಘದ ಖರ್ಚಿನಲ್ಲೇ ಕೊಡಿಸಿ. ಇದನ್ನು ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಬೇಕು, ಬರೀ ಬಾಯಿಮಾತಲ್ಲಿ ಆಗಲಿ ಅಂದರೆ ಸಾಲದು. ಮತ್ತೆ ಕೋಲು ಕೊಳ್ಳುವಾಗ ನಮ್ಮಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಗಿಡ್ಡ ಕೋಲು ತಂದರೆ ಮತ್ತೆ ಬಗ್ಗಿಯೇ ಒರೆಸಬೇಕಾಗುತ್ತೆ, ನಿಂತರೆ ಎದೆಮಟ್ಟಕ್ಕಾದರೂ ಬರಬೇಕು.