ಶೆಟ್ಟರ ಪೆನ್ನು ನಿಲ್ಲಿಸದೆ ನಕಲು ತೆಗೆಯುವುದು ಹೇಗೆ?



ಐರ್ಲೆಂಡಿನ ನಮ್ಮ ಕೂಟಗಳಲ್ಲಿ ಯಾರನ್ನು ಮಾತಾಡಿಸಿದರೂ ಒಂದೋ ಸಾಫ್ಟ್‌ವೇರಿನವರು, ಇಲ್ಲವೇ ಆಸ್ಪತ್ರೆಯವರು. ಅದಕ್ಕೇ ಇಬ್ಬರಿಗೂ ಬೇಕಾದ ವಿಷಯ ಹಿಡಿದಿದ್ದೇನೆ: ತೆರೆದಿರುವ ಫೈಲನ್ನು ಮುಚ್ಚಿಸದೆ ಬ್ಯಾಕಪ್ ಮಾಡುವುದು. ಸಾಫ್ಟ್‌ವೇರಿನವರು ಆಕಳಿಸಬೇಡಿ, ಕೊನೆಗೆ ನಿಮಗೂ ಕೆಲಸವಿದೆ.

ಊರಿನ ದಿನಸಿ ಅಂಗಡಿಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಶೆಟ್ಟರು ಬರೆಯುತ್ತಲೇ ಇದ್ದಾರೆ, ನಾವು ಮೊದಲ ಪುಟದಿಂದ ನಕಲು ಮಾಡುತ್ತಿದ್ದೇವೆ. ನಾವು 50ನೇ ಪುಟಕ್ಕೆ ಬರುವಷ್ಟರಲ್ಲಿ ಅವರು 3ನೇ ಪುಟದ ಸಾಲದಲ್ಲಿ ನೂರು ರೂಪಾಯಿ ಕಳೆದು, 60ನೇ ಪುಟದಲ್ಲಿ ಜಮಾ ಬರೆದಿರುತ್ತಾರೆ. ನಮ್ಮ ನಕಲಿನಲ್ಲಿ ಸಾಲ ಹಾಗೇ ಇದೆ, ಹಣವೂ ಬಂದಿದೆ! ಒಂದೊಂದು ಪುಟವೂ ಸರಿ, ಪುಸ್ತಕ ಮಾತ್ರ ಸುಳ್ಳು. ಡೇಟಾಬೇಸಿನ ಕಥೆಯೂ ಇದೇ. ಆಸ್ಪತ್ರೆಯ ದಾಖಲೆಯನ್ನು ರಾತ್ರಿ ಬಾಗಿಲೆಳೆದು ಮುಚ್ಚಲು ಆಗುತ್ತದೆಯೇ?

ಇಲ್ಲಿ ಸ್ನ್ಯಾಪ್‌ಶಾಟ್ ಬರುತ್ತದೆ. (ಕನ್ನಡದಲ್ಲಿ 'ಗಳಿಗೆಚಿತ್ರ' ಅನ್ನೋಣವೇ? ಒಳ್ಳೆಯ ಪದ ಹೊಳೆದವರು ಹೇಳಿ.) "ಶೆಟ್ಟರೇ, ಒಂದು ಗಳಿಗೆ ಪೆನ್ನು ಎತ್ತಿ" ಎನ್ನುತ್ತೇವೆ. ಅರ್ಧ ಬರೆದ ಸಾಲು ಮುಗಿಸಿ ಅವರು ಪೆನ್ನೆತ್ತುತ್ತಾರೆ. ಆ ಕ್ಷಣ ಗುರುತು ಹಾಕಿಕೊಂಡು, "ಈಗ ಬರೆಯಿರಿ" ಎನ್ನುತ್ತೇವೆ. ಇನ್ನು ಮೇಲೆ ಅವರು ಯಾವ ಪುಟ ತಿದ್ದುವುದಿದ್ದರೂ ಮೊದಲು ಹಳೆಯ ಪುಟದ ಪ್ರತಿಯೊಂದನ್ನು ಪಕ್ಕಕ್ಕಿಡಬೇಕು. ನಕಲು ಮಾಡುವವನು ತಿದ್ದಿದ ಪುಟಗಳನ್ನು ಆ ಪಕ್ಕದ ಕಟ್ಟಿನಿಂದ, ಉಳಿದವನ್ನು ಪುಸ್ತಕದಿಂದಲೇ ಓದುತ್ತಾನೆ. ಅವನ ಪಾಲಿಗೆ ಕಾಲ ನಿಂತಿದೆ, ಅಂಗಡಿ ಮಾತ್ರ ನಡೆದಿದೆ. ಇದೇ ಕಾಪಿ-ಆನ್-ರೈಟ್.

ವಿಂಡೋಸ್‌ನಲ್ಲಿ ಈ ಕೆಲಸ ವಾಲ್ಯೂಮ್ ಶ್ಯಾಡೋ ಕಾಪಿ ಸರ್ವೀಸಿನದು. ಎಕ್ಸ್‌ಪಿ ಕಾಲದಿಂದ ಇದೆ. 'ಪೆನ್ನೆತ್ತಿ' ಎಂದು ಅದು ಡೇಟಾಬೇಸಿಗೆ ಹೇಳಿದ ಮೇಲೆ ಹೆಚ್ಚೆಂದರೆ 60 ಸೆಕೆಂಡು ಕಾಯುತ್ತದೆ. ಡಿಸ್ಕಿನ ಬರವಣಿಗೆಯನ್ನೇ ತಡೆದು ಸ್ನ್ಯಾಪ್‌ಶಾಟ್ ತೆಗೆಯಲು ಇರುವುದು 10 ಸೆಕೆಂಡು ಅಷ್ಟೇ. ತಪ್ಪಿದರೆ ಪ್ರಯತ್ನ ರದ್ದು. ಜಾಣ ಏರ್ಪಾಡು, ನನಗೆ ಬಹಳ ಇಷ್ಟ.

ಆದರೆ ಆ ಪಕ್ಕದ ಕಟ್ಟು ಇರುವುದು ಎಲ್ಲಿ? ಸಾಮಾನ್ಯವಾಗಿ ಅದೇ ಯಂತ್ರದಲ್ಲಿ, ಎಷ್ಟೋ ಸಲ ಅದೇ ಡಿಸ್ಕಿನಲ್ಲಿ. ಅಂಗಡಿಗೆ ಬೆಂಕಿ ಬಿದ್ದರೆ ಪುಸ್ತಕವೂ ಹೋಯಿತು, ಕಟ್ಟೂ ಹೋಯಿತು.

2021ರ ಮೇ 14ರ ಬೆಳಿಗ್ಗೆ ಈ ದೇಶದ ಆರೋಗ್ಯ ಸೇವೆ ಎಚ್‌ಎಸ್‌ಇ ತನ್ನ ಗಣಕ ವ್ಯವಸ್ಥೆಯನ್ನೆಲ್ಲ ತಾನೇ ಆರಿಸಬೇಕಾಯಿತು. ಮಾರ್ಚ್ 18ರಂದು ಯಾರೋ ಇಮೇಲಿನಲ್ಲಿ ಬಂದ ಎಕ್ಸೆಲ್ ಫೈಲೊಂದನ್ನು ತೆರೆದಿದ್ದರು. ಕಾಂಟಿ ಎಂಬ ರಾನ್ಸಮ್‌ವೇರ್ ಗುಂಪು ಅಲ್ಲಿಂದ ಒಳನುಗ್ಗಿತ್ತು. ವೈದ್ಯರು, ದಾದಿಯರು ಮತ್ತೆ ಪೆನ್ನು ಕಾಗದಕ್ಕೆ ಮರಳಿದರು. ಇಲ್ಲಿರುವ ಕೆಲವರು ಆ ವಾರಗಳನ್ನು ಮರೆತಿರಲಾರರು. ಗಮನಿಸಿ, ಕಾಂಟಿ ಫೈಲುಗಳಿಗೆ ಬೀಗ ಹಾಕುವುದಷ್ಟೇ ಅಲ್ಲ, ಶ್ಯಾಡೋ ಕಾಪಿಗಳನ್ನು ಅಳಿಸುವುದೂ ಅದರ ವಾಡಿಕೆಯಾಗಿತ್ತು. ನಮ್ಮ ಜಾಣ ಕಟ್ಟು ಮೊದಲ ಬಲಿ!

ಸರ್ಕಾರ ಹಣ ಕೊಡುವುದಿಲ್ಲ ಎಂದಿತು. ಆರನೇ ದಿನ, ಮೇ 20ಕ್ಕೆ, ಕಳ್ಳರೇ ಪುಕ್ಕಟೆ ಕೀಲಿಕೈ ಕೊಟ್ಟರು. ಆದರೂ ಎಲ್ಲ ಸರ್ವರುಗಳು ಬಿಡಿಸಿಕೊಳ್ಳಲು ಸೆಪ್ಟೆಂಬರ್ 21 ಆಯಿತು. ಆ ಡಿಸೆಂಬರಿನಲ್ಲಿ ಬಂದ ಪಿಡಬ್ಲ್ಯುಸಿ ವರದಿಯ ಒಂದು ಮಾತು ನನ್ನನ್ನು ಕಾಡುತ್ತದೆ: ಜಾಲದಿಂದ ಹೊರಗಿನ ಟೇಪಿಗೆ ಬ್ಯಾಕಪ್ ಹೋಗುತ್ತಿದ್ದುದು ಆಗೊಮ್ಮೆ ಈಗೊಮ್ಮೆ ಮಾತ್ರ, ಕೀಲಿ ಸಿಗದಿದ್ದರೆ ಎಷ್ಟು ಮಾಹಿತಿ ಮರಳುತ್ತಿತ್ತು ಎಂಬುದು ಸ್ಪಷ್ಟವಿಲ್ಲ. ಒಂದು ದೇಶದ ರೋಗಿಗಳ ದಾಖಲೆ ಕಳ್ಳರ ಕೃಪೆಯಲ್ಲಿತ್ತು, ಸ್ವಾಮಿ.

ಹಾಗಾಗಿ ಸಾಫ್ಟ್‌ವೇರಿನವರೇ, ಸೋಮವಾರ ಆಫೀಸಿನಲ್ಲಿ ಕೇಳಿ: ಸ್ನ್ಯಾಪ್‌ಶಾಟಿನಿಂದ ತೆಗೆದ ಪ್ರತಿ ಬೇರೆ ಕಡೆಗೆ, ಅಡ್ಮಿನ್ ಪಾಸ್‌ವರ್ಡ್ ಕದ್ದವನಿಗೂ ಸಿಗದ ಕಡೆಗೆ, ಹೋಗುತ್ತಿದೆಯೇ? ಅದನ್ನು ಮರಳಿಸಿ ತೆರೆದು ನೋಡಿದ್ದು ಯಾವಾಗ?

ಅಂದಹಾಗೆ, ನಮ್ಮ ಕೂಟದ ಸದಸ್ಯರ ಪಟ್ಟಿ, ರಾಜ್ಯೋತ್ಸವದ ಫೋಟೋಗಳು ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿವೆ ಎಂದು ಕೇಳಿದೆ. ಖಾಲಿ ಡ್ರೈವ್ ಒಂದು ತಂದಿದ್ದೇನೆ. ಊಟಕ್ಕೆ ಏಳುವ ಮುಂಚೆ ಲ್ಯಾಪ್‌ಟಾಪ್ ಯಾರ ಹತ್ತಿರ ಇದೆಯೋ ಅವರು ಸ್ವಲ್ಪ ಇತ್ತ ಬನ್ನಿ.