ಹೊಸ ಬೆಳೆಗೆ ಮುನ್ನ ಕೊಳ್ಳುವವರನ್ನು ಹುಡುಕಿ
(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ರಾಗಿ, ಜೋಳ, ಭತ್ತಗಳಿಗೆ ಕೊಳ್ಳುವವರು ಎಲ್ಲ ಕಡೆಯೂ ಇದ್ದಾರೆ. ಬೆಲೆ ಕುಸಿದರೂ ಮನೆಯವರು ಉಣ್ಣಬಹುದು. ಆದರೆ ಇವುಗಳಿಂದ ಬರುವ ಲಾಭ ಅಲ್ಪ. ಆದ್ದರಿಂದ ಕೆಲವರಷ್ಟೇ ಬೆಳೆಯುವ, ಕೆಲವರಷ್ಟೇ ಕೊಳ್ಳುವ ವಿಶೇಷ ಬೆಳೆಗಳತ್ತ ರೈತರ ಮನಸ್ಸು ಹರಿಯುವುದು ಸಹಜ. ಇಂಥ ಬೆಳೆಯಿಂದ ಮನೆ ಕಟ್ಟಿದವರೂ ಇದ್ದಾರೆ, ಸಾಲಕ್ಕೆ ಸಿಕ್ಕಿದವರೂ ಇದ್ದಾರೆ. ಈ ವ್ಯತ್ಯಾಸಕ್ಕೆ ಬೇಸಾಯದ ಕ್ರಮಕ್ಕಿಂತ ಬೆಳೆಯ ಆಯ್ಕೆಯೇ ಹೆಚ್ಚಾಗಿ ಕಾರಣವಾಗಿರುತ್ತದೆ.

ವೆನಿಲಾ ಕಲಿಸಿದ ಪಾಠ

ವೆನಿಲಾ ಮೆಕ್ಸಿಕೋ ಮೂಲದ ಬಳ್ಳಿ. ಜಗತ್ತಿಗೆ ಬೇಕಾದ ವೆನಿಲಾದ ಬಹುಪಾಲು ಮಡಗಾಸ್ಕರ್ ದ್ವೀಪದಿಂದ ಬರುತ್ತದೆ. 2000ದಲ್ಲಿ ಅಲ್ಲಿ ಚಂಡಮಾರುತ ಬೀಸಿ ತೋಟಗಳು ಹಾಳಾದವು. ಸರಬರಾಜು ಕಡಿಮೆಯಾಗಿ ಬೆಲೆ ಏರತೊಡಗಿತು. 2003ರ ವೇಳೆಗೆ ನಮ್ಮಲ್ಲಿ ಹಸಿ ಬೀನ್ಸ್‌ಗೇ ಕಿಲೋಗೆ ಸಾವಿರಾರು ರೂಪಾಯಿ ದೊರೆಯಿತು. ಮಲೆನಾಡು, ಕರಾವಳಿ ಮತ್ತು ಕೊಡಗಿನ ಅಡಿಕೆ, ಕಾಫಿ ತೋಟಗಳಲ್ಲಿ ವೆನಿಲಾ ಬಳ್ಳಿ ಹಬ್ಬಿತು. ಬೀನ್ಸ್‌ಗಿಂತ ಮೊದಲು ಬಳ್ಳಿಯ ತುಂಡುಗಳ ವ್ಯಾಪಾರವೇ ಜೋರಾಯಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ ಕಾಲದ ಲೆಕ್ಕ. ವೆನಿಲಾ ನೆಟ್ಟ ಮೂರನೆಯ ವರ್ಷಕ್ಕೆ ಹೂ ಬಿಡುತ್ತದೆ. ಬೆಳಿಗ್ಗೆ ಅರಳಿದ ಹೂವಿಗೆ ಅಂದೇ ಕೈಯಿಂದ ಪರಾಗಸ್ಪರ್ಶ ಮಾಡಬೇಕು. ಕಾಯಿ ಬಲಿಯಲು ಒಂಬತ್ತು ಹತ್ತು ತಿಂಗಳು ಬೇಕು. ಹಾಗಾಗಿ 2003ರ ಬೆಲೆ ನೋಡಿ ಆ ವರ್ಷದ ಮಳೆಗಾಲದಲ್ಲಿ ಬಳ್ಳಿ ನೆಟ್ಟ ರೈತನಿಗೆ ಮೊದಲ ಫಸಲು ಕೈಗೆ ಬರುವುದು 2006ರ ಕೊನೆಗೆ. ಅಷ್ಟರಲ್ಲಿ ಮಡಗಾಸ್ಕರ್‌ನ ತೋಟಗಳು ಚೇತರಿಸಿಕೊಂಡಿದ್ದವು, ಬೇರೆ ದೇಶಗಳಲ್ಲೂ ಹೊಸ ತೋಟಗಳೆದ್ದಿದ್ದವು. ದುಬಾರಿ ಬೆಲೆಗೆ ಬೇಸತ್ತ ಆಹಾರ ತಯಾರಕರಲ್ಲಿ ಅನೇಕರು ಕೃತಕ ವೆನಿಲಿನ್ ಬಳಸತೊಡಗಿದ್ದರು. 2005ರ ಹೊತ್ತಿಗೇ ಬೆಲೆ ನೆಲಕಚ್ಚಿತ್ತು. ಇದರ ಮೇಲೆ ಬೇರು ಮತ್ತು ಬಳ್ಳಿ ಕೊಳೆಯುವ ರೋಗವೂ ತಗುಲಿ ಅನೇಕ ತೋಟಗಳಲ್ಲಿ ವೆನಿಲಾ ಹೇಳಹೆಸರಿಲ್ಲದಂತಾಯಿತು.

ಬರಲಿರುವ ಫಸಲನ್ನು ನೆಚ್ಚಿ ಸಾಲ ಮಾಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಅಡಿಕೆಯ ನಡುವೆ ಅಂತರ ಬೆಳೆಯಾಗಿ ವೆನಿಲಾ ಹಾಕಿದವರಿಗೆ ಅಡಿಕೆಯಾದರೂ ಉಳಿಯಿತು. ಅದನ್ನೇ ನಂಬಿ ಹೊಸದಾಗಿ ಹಣ ಹೂಡಿದವರಿಗೆ ಹೂಡಿದ ಹಣವೂ ಹುಟ್ಟಲಿಲ್ಲ. 2017–18ರಲ್ಲಿ ವೆನಿಲಾ ಬೆಲೆ ಮತ್ತೆ ಆಕಾಶಕ್ಕೇರಿ ನಂತರ ಇಳಿಯಿತು. ಈ ಏರಿಳಿತ ಆ ಬೆಳೆಯ ಗುಣವೆಂದೇ ತಿಳಿಯಬೇಕು.

ಗರ್ಕಿನ್ ಮತ್ತು ಬ್ಯಾಡಗಿ

ಗರ್ಕಿನ್ ಸೌತೆಯ ಸಂಗತಿ ಬೇರೆ. ಇದು ಸುಮಾರು 90 ದಿನಗಳ ಬೆಳೆ. ಬಿತ್ತಿದ 30–35 ದಿನಗಳಿಗೆ ಕೊಯ್ಲು ಆರಂಭವಾಗುತ್ತದೆ. ಉಪ್ಪಿನ ನೀರಿನಲ್ಲಿ ಅಥವಾ ವಿನಿಗರ್‌ನಲ್ಲಿ ಹಾಕಿ ಹೊರದೇಶಕ್ಕೆ ಕಳುಹಿಸುವ ಕಂಪನಿಗಳು ಮೊದಲೇ ಕರಾರು ಮಾಡಿಕೊಂಡು, ಬೀಜ ಗೊಬ್ಬರ ಒದಗಿಸಿ, ಅದರ ಹಣವನ್ನು ಮಾಲಿನ ಬೆಲೆಯಲ್ಲಿ ಮುರಿದುಕೊಳ್ಳುತ್ತವೆ. ಕಾಯಿ ಸಣ್ಣದಾದಷ್ಟೂ ಬೆಲೆ ಹೆಚ್ಚು. ಕೊಯ್ಲು ಒಂದು ದಿನ ತಪ್ಪಿದರೂ ಕಾಯಿ ದಪ್ಪವಾಗಿ ಕೆಳದರ್ಜೆಗೆ ಇಳಿಯುತ್ತದೆ. ಆದ್ದರಿಂದ ದಿನವೂ ಕೊಯ್ಯಲು ಮನೆಯಲ್ಲಿ ಜನವಿದ್ದವರಿಗೆ ಇದು ಒಗ್ಗುವ ಬೆಳೆ. ಕಂಪನಿ ತಿರಸ್ಕರಿಸಿದ ಕಾಯಿಗೆ ಊರ ಸಂತೆಯಲ್ಲಿ ಗಿರಾಕಿಯಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಬ್ಯಾಡಗಿ ಮೆಣಸಿನಕಾಯಿಯೂ ವಿಶೇಷ ಬೆಳೆಯೇ. ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು. ಅಡಿಗೆಮನೆ, ಮಸಾಲೆ ತಯಾರಕರು, ಬಣ್ಣ ತೆಗೆಯುವ ಕಾರ್ಖಾನೆ ಎಂದು ಮೂರು ಬಗೆಯ ಗಿರಾಕಿಗಳು ಇದಕ್ಕಿದ್ದಾರೆ. ಒಬ್ಬರು ಹಿಂಜರಿದರೂ ಇನ್ನೊಬ್ಬರ ಬಾಗಿಲು ತೆರೆದಿರುತ್ತದೆ.

ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳು

1. ಈ ಮಾಲನ್ನು ಕೊಳ್ಳುವವರು ಎಷ್ಟು ಮಂದಿ? ಖುದ್ದಾಗಿ ಹೋಗಿ ಕನಿಷ್ಠ ಇಬ್ಬರೊಡನೆ ಮಾತನಾಡಿ. ಸಸಿ ಮಾರುವವನು ಫಸಲನ್ನೂ ತಾನೇ ಕೊಳ್ಳುವೆನೆಂದರೆ ಅವನನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

2. ಈಗ ಬೆಲೆ ಏರಿರುವುದೇಕೆ? ಬೇರೆಡೆ ಬೆಳೆ ಹಾಳಾದ ಕಾರಣಕ್ಕೆ ಏರಿದ್ದರೆ, ಅಲ್ಲಿ ಸರಿಹೋದೊಡನೆ ಇಳಿಯುತ್ತದೆ.

3. ನಾಟಿಯಿಂದ ಮಾರಾಟದವರೆಗೆ ಎಷ್ಟು ಕಾಲ? ಕಾಲ ಹೆಚ್ಚಾದಷ್ಟೂ ಇಂದಿನ ಬೆಲೆಯ ಮೇಲಿನ ನಂಬಿಕೆ ಕಡಿಮೆ ಇರಬೇಕು.

4. ಕೊಯ್ಲು ಮತ್ತು ಸಂಸ್ಕರಣೆಗೆ ಆಳುಗಳು ಸಿಗುತ್ತಾರೆಯೇ? ವೆನಿಲಾದಲ್ಲಿ ಐದಾರು ಕಿಲೋ ಹಸಿ ಬೀನ್ಸ್ ಹದ ಮಾಡಿದರೆ ಸಿಗುವುದು ಒಂದು ಕಿಲೋ ಮಾತ್ರ.

5. ಹಿಂದಿನ ವರ್ಷಗಳ ಅತಿ ಕಡಿಮೆ ಬೆಲೆಗೆ ಮಾರಿದರೂ ಖರ್ಚು ಹುಟ್ಟುತ್ತದೆಯೇ? ಲೆಕ್ಕವನ್ನು ಅತಿ ಹೆಚ್ಚಿನ ಬೆಲೆಯಿಂದ ಆರಂಭಿಸಬಾರದು.

ಈ ಐದಕ್ಕೂ ಸಮಾಧಾನಕರ ಉತ್ತರ ದೊರೆತರೂ ಮೊದಲ ಬಾರಿಗೆ ಐದು ಹತ್ತು ಗುಂಟೆಗೆ ಮೀರಿ ಹಾಕಬೇಡಿ. ಇದ್ದ ಬೆಳೆಯನ್ನು ಕಿತ್ತುಹಾಕಬೇಡಿ, ಸಾಲ ತಂದು ಹಾಕಬೇಡಿ. ಒಂದು ಫಸಲು ಕೊಯ್ದು, ಮಾರಿ, ಹಣ ಕೈಗೆ ಬಂದ ಮೇಲೆ ವಿಸ್ತರಿಸುವ ಯೋಚನೆ ಮಾಡಿ. ಹೊರಡುವ ಮುನ್ನ ಈ ಪ್ರಶ್ನೆಗಳಿಗೆ ನಿಮ್ಮ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಮಣ್ಣು, ನೀರು, ತಳಿಗಳ ವಿಷಯವನ್ನು ಅಲ್ಲಿಯ ತಜ್ಞರು ತಿಳಿಸಿಕೊಡುತ್ತಾರೆ. ಉತ್ತರ ಹೊಳೆಯದ ಪ್ರಶ್ನೆ ಒಂದು ಉಳಿದರೂ ಆ ವರ್ಷ ಕಾಯುವುದು ಲೇಸು.